ದಮ್ಮಿಗೆ ರಕ್ತದ ಸಾಕ್ಷಿ

(ಶೇಡಬಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಇಟ್ಟ ಕುಟುಂಬದವರು ನನಗೆ ಮೊದಲೇ ಕರಾರು ಹಾಕಿದ್ದಾರೆ. ತಮ್ಮ ಹೆಸರು ತೆಗೆಯಬಾರದು, ಹೊಗಳಬಾರದು, ಗಂಟೆ ಮೀರಬಾರದು. ಬಹಳ ವರ್ಷ ದಮ್ಮಿನಿಂದ, ಅಂದರೆ ಉಬ್ಬಸ ಅಥವಾ ಅಸ್ತಮಾದಿಂದ, ಕಷ್ಟಪಟ್ಟ ಅವ್ವನ ನೆನಪಿಗೆ ಇಟ್ಟ ದತ್ತಿ ಇದು. ಆ ತಾಯಿ ರಾತ್ರಿಯೆಲ್ಲ ಗೋಡೆಗೆ ದಿಂಬು ಆನಿಸಿಕೊಂಡು ಕೂತೇ ಕಳೆಯುತ್ತಿದ್ದರಂತೆ. ಈ ಸಭೆಯಲ್ಲಿ ಅಂಥ ರಾತ್ರಿಗಳನ್ನು ಕಂಡ ಮನೆಗಳು ಇನ್ನೂ ಇವೆ ಎಂದು ತಿಳಿದೇ ಮಾತು ಶುರು ಮಾಡುತ್ತೇನೆ.

ನಮ್ಮ ಭಾಗದ ರೋಗಿಯ ಕೈಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಬಟ್ಟೆ ಅಂಗಡಿಯದೋ ಚಿನ್ನದ ಅಂಗಡಿಯದೋ, ಹಿಡಿಕೆ ಹರಿದು ಗಂಟು ಹಾಕಿದ್ದು. ಅದರೊಳಗೆ ಸುರುಳಿ ಸುತ್ತಿದ ಎಕ್ಸ್‌ರೇ, ಮರಾಠಿಯಲ್ಲಿ ಬರೆದ ಚೀಟಿ, ಇಂಗ್ಲಿಷಿನ ಛಾಪಿಸಿದ ವರದಿ, ಊರ ಡಾಕ್ಟರರ ಓದಲಾಗದ ಅಕ್ಷರ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ಮೇಲೆ ಕೃಷ್ಣೆಯ ಈ ದಂಡೆಯವರಿಗೆ ‘ದೊಡ್ಡ ದವಾಖಾನಿ’ ಎಂದರೆ ರೈಲು ಹತ್ತಿ ಮಿರಜಕ್ಕೆ ಹೋಗುವುದು. ರಾಜ್ಯದ ಗಡಿ ದಾಟಿದ್ದು ರೋಗಿಗೆ ಗೊತ್ತಾಗುವುದಿಲ್ಲ, ಚೀಟಿಯ ಭಾಷೆಗೆ ಮಾತ್ರ ಗೊತ್ತಾಗುತ್ತದೆ.

‘ಏನಾಗ್ತೈತಿ?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ‘ದಮ್ಮ ಹತ್ತತೈತ್ರಿ. ಇಸ್ನೋಫಿಲಿಯಾ ಐತಿ ಅಂದಾರ.’

ಇಸ್ನೋಫಿಲಿಯಾ! ಸಕ್ಕರೆ ಕಾಯಿಲೆ, ಬಿ.ಪಿ. ಎಂಬಂತೆ ಇದೂ ನಮ್ಮಲ್ಲಿ ಒಂದು ಕಾಯಿಲೆಯ ಹೆಸರಾಗಿ ಕೂತುಬಿಟ್ಟಿದೆ. ವಾಸ್ತವದಲ್ಲಿ ಅದು ರಕ್ತದ ಎಣಿಕೆಯಲ್ಲಿ ಸಿಕ್ಕಿದ ಒಂದು ಅಂಕಿ. ಆ ಅಂಕಿ ಯಾರ ಪರವಾಗಿ ಸಾಕ್ಷಿ ಹೇಳುತ್ತಿದೆ, ಅದನ್ನು ಎಷ್ಟು ನಂಬಬೇಕು, ಯಾವಾಗ ಅದರ ಬಾಯಿ ಕಟ್ಟಿರುತ್ತದೆ ಎಂಬುದೇ ಇವತ್ತಿನ ವಿಷಯ.

ಮೊದಲು ಉಸಿರು ನಾಳದ ಒಳಗೆ ಏನಾಗುತ್ತದೆ ಎಂಬುದನ್ನು ನೋಡೋಣ. ದಮ್ಮು ಹತ್ತಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಪದರ ಊದಿ ದಪ್ಪವಾಗುತ್ತದೆ. ಅಂಟು ಕಫ ದಾರಿಗೆ ಅಡ್ಡ ಬೀಳುತ್ತದೆ. ಸ್ನಾಯುವಿನ ಬಿಗಿತವನ್ನು ನೀಲಿ ಪಂಪು, ಅಂದರೆ ನೀಲಿ ಇನ್ಹೇಲರ್, ಐದು ನಿಮಿಷದಲ್ಲಿ ಸಡಿಲಿಸುತ್ತದೆ. ಆದ್ದರಿಂದಲೇ ಜನಕ್ಕೆ ಅದರ ಮೇಲೆ ಅಷ್ಟು ಪ್ರೀತಿ. ಒಳಗಿನ ಊತವನ್ನು ಅದು ಮುಟ್ಟುವುದೇ ಇಲ್ಲ. ಊತ ಇಳಿಸುವುದು ದಿನವೂ ಎಳೆಯಬೇಕಾದ ಸ್ಟೆರಾಯ್ಡ್ ಪಂಪು. ಅದನ್ನು ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲವಾದ್ದರಿಂದ ಎರಡು ವಾರಕ್ಕೆ ಅದು ದೇವರ ಮಾಡದಲ್ಲಿ ಸೇರುತ್ತದೆ. ನೀಲಿ ಪಂಪು ಒಂದನ್ನೇ ನಂಬಿ ಕೂರಬೇಡಿ ಎಂದು ಜಗತ್ತಿನ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಖಚಿತವಾಗಿ ಹೇಳಿತು. ನಮ್ಮ ಔಷಧ ಅಂಗಡಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಊತ ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲು ಊದಿದರೆ ಮುಟ್ಟಿ ನೋಡಬಹುದು, ಉಸಿರು ನಾಳವನ್ನು ಮುಟ್ಟುವುದು ಹೇಗೆ? ಹೀಗಾಗಿ ವೈದ್ಯರು ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಪರೋಕ್ಷ ಸಾಕ್ಷಿಯನ್ನು ಹುಡುಕುತ್ತ ಬಂದಿದ್ದಾರೆ.

ಸಾಕ್ಷಿ ಮೊದಲು ಸಿಕ್ಕಿದ್ದು ಬಣ್ಣದ ಕಾರಣದಿಂದ. 1879ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನಿಯ ತರುಣ ವೈದ್ಯ ರಕ್ತದ ಲೇಪಕ್ಕೆ ಬಟ್ಟೆಗೆ ಹಾಕುವ ಬಣ್ಣಗಳನ್ನು ಹಾಕಿ ನೋಡುತ್ತಿದ್ದ. ಈಯೋಸಿನ್ ಎಂಬ ಕೆಂಪು ಬಣ್ಣವನ್ನು ಕೆಲವು ಬಿಳಿ ರಕ್ತಕಣಗಳು ಆಸೆಯಿಂದ ಹೀರಿಕೊಂಡವು. ಅವುಗಳ ಒಳಗಿನ ಕಾಳುಗಳೆಲ್ಲ ಇಟ್ಟಿಗೆಗೆಂಪು. ಅವಕ್ಕೆ ಈಸಿನೊಫಿಲ್ ಎಂದು ಹೆಸರಿಟ್ಟ, ಅಂದರೆ ಈಯೋಸಿನ್ನಿನ ಪ್ರಿಯ. ಈಯೋಸ್ ಎಂದರೆ ಗ್ರೀಕರ ಅರುಣೋದಯದ ದೇವತೆ. ನಮ್ಮ ಉಷೆಯ ಹೆಸರೂ ಆ ಹೆಸರೂ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ದಮ್ಮು ಹತ್ತಿ ಎದ್ದು ಕೂರುವವರ ರಕ್ತದಲ್ಲಿ ಉಷೆಯ ಬಣ್ಣದ ಕಣ ಹೆಚ್ಚಿರುತ್ತದೆ. ಇದರಲ್ಲಿ ವಿಜ್ಞಾನ ಏನೂ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಎರ್ಲಿಕ್‌ಗಿಂತ ಮೊದಲೇ ಷಾರ್ಕೋ ಮತ್ತು ಲೈಡನ್ ಎಂಬ ಇಬ್ಬರು ಕೆಲಸ ಮಾಡಿದ್ದರು. ಲೈಡನ್ 1872ರಲ್ಲಿ ಉಬ್ಬಸದವರ ಕಫದಲ್ಲಿ ಸೂಜಿಯಂಥ ಹರಳುಗಳನ್ನು ಕಂಡಿದ್ದ. ಆ ಹರಳು ಈಸಿನೊಫಿಲ್ ಕಣ ಸತ್ತು ಒಡೆದಾಗ ಉಳಿಯುವ ಪ್ರೋಟೀನು ಎಂಬುದು ತಿಳಿದದ್ದು ಬಹಳ ಕಾಲದ ನಂತರ. ಬೆಲ್ಜಿಯಂನ ಗೆಂಟ್ ನಗರದ ಸಂಶೋಧಕರು 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹರಳು ಬರೀ ಹೆಣವಲ್ಲ, ತಾನೇ ಚುಚ್ಚಿ ಊತ ಹೆಚ್ಚಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು.

ನನಗೆ ಅತಿ ಪ್ರಿಯವಾದ ಕಥೆ ಇಂಗ್ಲೆಂಡಿನ ಡರ್ಬಿ ಊರಿನದು. ಹ್ಯಾರಿ ಮಾರೋ ಬ್ರೌನ್ ಎಂಬ ಎದೆರೋಗದ ವೈದ್ಯರು ಅಲ್ಲಿದ್ದರು. ಸ್ಟೆರಾಯ್ಡ್ ಮಾತ್ರೆ ಆಗಷ್ಟೇ ಬಂದಿತ್ತು. ಸರ್ಕಾರದ ದೊಡ್ಡ ಪ್ರಯೋಗಗಳಲ್ಲಿ ಅದು ಉಬ್ಬಸಕ್ಕೆ ಅಷ್ಟೇನೂ ಪ್ರಯೋಜನವಿಲ್ಲ ಎಂಬಂಥ ಫಲ ಬಂದಿತ್ತು. ಬ್ರೌನ್ ರೋಗಿಗಳ ಕಫವನ್ನು ತಮ್ಮ ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿದರು. ಕಫದಲ್ಲಿ ಈಸಿನೊಫಿಲ್ ಇದ್ದವರಿಗೆ ಮಾತ್ರೆ ಮಂತ್ರದಂತೆ ಕೆಲಸ ಮಾಡಿತು, ಇಲ್ಲದವರಿಗೆ ಮಾಡಲಿಲ್ಲ. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದದ್ದರಿಂದಲೇ ಔಷಧ ಸೋತಂತೆ ಕಂಡಿತ್ತು.

ಒಬ್ಬ ಊರ ವೈದ್ಯ 1958ರಲ್ಲೇ ಹೇಳಿದ ಮಾತನ್ನು ಜಗತ್ತು ಐವತ್ತು ವರ್ಷ ಮರೆಯಿತು. ಮರೆತದ್ದಕ್ಕೆ ಬೆಲೆಯನ್ನೂ ತೆತ್ತಿತು. ಈಸಿನೊಫಿಲ್ ಕಣಗಳನ್ನು ಬೆಳೆಸಿ ಬದುಕಿಸುವ ರಾಸಾಯನಿಕ ಇಂಟರ್‌ಲ್ಯೂಕಿನ್-5. ಅದನ್ನು ಕಟ್ಟಿಹಾಕುವ ಮೆಪೊಲಿಜುಮಾಬ್ ಎಂಬ ಚುಚ್ಚುಮದ್ದನ್ನು 362 ರೋಗಿಗಳ ಮೇಲೆ ಪರೀಕ್ಷಿಸಿದ ಫಲ 2007ರಲ್ಲಿ ಬಂತು. ರಕ್ತದ ಈಸಿನೊಫಿಲ್ ಇಳಿದವು, ಉಬ್ಬಸ ಇಳಿಯಲಿಲ್ಲ. ಔಷಧ ಸತ್ತಿತು ಎಂದೇ ಅನೇಕರು ಬರೆದರು. 2009ರಲ್ಲಿ ಲೆಸ್ಟರಿನವರು 61 ಜನರನ್ನು, ಕೆನಡಾದ ಹ್ಯಾಮಿಲ್ಟನ್ನಿನವರು 20 ಜನರನ್ನು ತೆಗೆದುಕೊಂಡರು. ಎರಡೂ ಕಡೆ ಕಫದಲ್ಲಿ ಈಸಿನೊಫಿಲ್ ಇದ್ದವರನ್ನೇ ಆರಿಸಿದರು. ಅದೇ ಔಷಧ ಗೆದ್ದಿತು. 2012ರಲ್ಲಿ 621 ರೋಗಿಗಳ ಪ್ರಯೋಗ ನಡೆಯಿತು. ಕಫ ಹಿಡಿಯುವ ತೊಂದರೆಯೂ ಬೇಡ, ರಕ್ತದ ಎಣಿಕೆಯೇ ಯಾರಿಗೆ ಔಷಧ ತಾಗುತ್ತದೆ ಎಂದು ಹೇಳಬಲ್ಲದು ಎಂಬುದು ಅಲ್ಲಿ ತಿಳಿಯಿತು. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರೆ ನೆಲಕ್ಕೂ ಮಸಾರಿಗೂ ಒಂದೇ ಗೊಬ್ಬರ ಹಾಕಿ ‘ಗೊಬ್ಬರ ಕೆಟ್ಟದ್ದು’ ಎನ್ನುವವನಿಗೆ ಪಕ್ಕದ ಹೊಲದವನೇ ನಗುತ್ತಾನೆ.

ಈಗ ಆ ಪ್ಲಾಸ್ಟಿಕ್ ಚೀಲಕ್ಕೆ ಮರಳೋಣ. ಅದರಲ್ಲಿ ‘ಸಿ.ಬಿ.ಸಿ.’ ಎಂದು ಬರೆದ ಒಂದಾದರೂ ವರದಿ ಇದ್ದೇ ಇರುತ್ತದೆ. ಜ್ವರ ಬಂದರೂ ಅದೇ, ಬಸುರಿಗೂ ಅದೇ, ಆಪರೇಷನ್ನಿಗೆ ಮುಂಚೆಯೂ ಅದೇ. ರಕ್ತ ಪರೀಕ್ಷೆಗಳಲ್ಲೆಲ್ಲ ಅಗ್ಗದ್ದು. ಅದರಲ್ಲಿ ಎರಡು ಸಾಲು ನೋಡಿ. ಒಂದು ಒಟ್ಟು ಬಿಳಿ ರಕ್ತಕಣ, ಇನ್ನೊಂದು ಈಸಿನೊಫಿಲ್‌ನ ಶೇಕಡಾ ಪ್ರಮಾಣ. ಒಟ್ಟು 9000, ಈಸಿನೊಫಿಲ್ 8 ಎಂದಿದ್ದರೆ ಗುಣಿಸಿ ನೂರರಿಂದ ಭಾಗಿಸಿ. 720. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಅಷ್ಟು ಈಸಿನೊಫಿಲ್ ಇವೆ ಎಂದು ಅರ್ಥ. ಶೇಕಡಾ ಅಂಕಿಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಒಟ್ಟು 4000 ಇದ್ದವರ 8 ಎಂದರೆ 320, ಒಟ್ಟು 14000 ಇದ್ದವರ 8 ಎಂದರೆ 1120. ಎರಡೂ ಚೀಟಿಯಲ್ಲಿ ಬರೆದದ್ದು ಎಂಟೇ.

ಅಸ್ತಮಾ ಇರುವವರಲ್ಲಿ ಈ ಲೆಕ್ಕ 150 ದಾಟಿದರೆ ಈಸಿನೊಫಿಲ್ ಊತದ ಗುಮಾನಿ, 300 ದಾಟಿದರೆ ಗುಮಾನಿ ಗಟ್ಟಿ. ಮೆಪೊಲಿಜುಮಾಬ್‌ನಂಥ ಔಷಧಗಳನ್ನು ಯಾರಿಗೆ ಕೊಡಬೇಕು ಎಂಬ ನಿರ್ಧಾರದಲ್ಲಿ ಬಳಸುವ ಅಂಕಿಗಳೂ ಇವೇ. ಬ್ರಿಟನ್ನಿನ ಸುಮಾರು 1,30,000 ಅಸ್ತಮಾ ರೋಗಿಗಳ ದಾಖಲೆ ತೆಗೆದು ನೋಡಿದ ಅಧ್ಯಯನ 2015ರಲ್ಲಿ ಬಂತು. 400ಕ್ಕಿಂತ ಹೆಚ್ಚು ಇದ್ದವರಿಗೆ ಮುಂದಿನ ವರ್ಷ ತೀವ್ರ ದಮ್ಮು ಕೆರಳುವ ಪ್ರಮಾಣ ಉಳಿದವರಿಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚಿತ್ತು. ಅಂದರೆ ಇವತ್ತು ಆರಾಮಾಗಿದ್ದವರ ನಾಳೆಯ ಬಗ್ಗೆಯೂ ಆ ಸಾಲು ಏನೋ ಹೇಳುತ್ತಿರುತ್ತದೆ.

ಎಷ್ಟು ನಂಬಬಹುದು? ಅದೇ 2015ರಲ್ಲಿ ಆಮ್‌ಸ್ಟರ್‌ಡಾಂನ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರು. ಉಸಿರು ನಾಳದಲ್ಲಿ ಈಸಿನೊಫಿಲ್ ಊತ ಇರುವ ಒಬ್ಬರನ್ನೂ ಇಲ್ಲದ ಒಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ, ರಕ್ತದ ಅಂಕಿ ನೋಡಿ ‘ಊತ ಯಾರಿಗೆ?’ ಎಂದು ಹೇಳಬೇಕು ಎಂದುಕೊಳ್ಳಿ. ಹತ್ತು ಜೋಡಿಗಳಲ್ಲಿ ಸುಮಾರು ಎಂಟರಲ್ಲಿ ಸರಿಯಾಗುತ್ತದೆ. ಪಂಚಾಯತಿಯ ಸಾಕ್ಷಿಗಿಂತ ಒಳ್ಳೆಯದು, ಕೈಬರಹದ ಪತ್ರಕ್ಕಿಂತ ಕಡಿಮೆ.

ಇನ್ನೊಂದು ಸಣ್ಣ ಮಾತು. ಹಳ್ಳಿಯ ಲ್ಯಾಬಿನಲ್ಲಿ ಯಂತ್ರ ಇಲ್ಲದಿದ್ದರೆ ತಂತ್ರಜ್ಞ ಗಾಜಿನ ಮೇಲೆ ರಕ್ತ ಸವರಿ, ಲೀಷ್‌ಮನ್ ಬಣ್ಣ ಹಾಕಿ, ನೂರು ಕಣ ಎಣಿಸುತ್ತಾನೆ. ನೂರರಲ್ಲಿ ನಾಲ್ಕು ಸಿಕ್ಕಿತು ಎಂದರೆ ನಿಜವಾದ ಪ್ರಮಾಣ ಒಂದೂ ಇರಬಹುದು, ಹತ್ತರ ಹತ್ತಿರವೂ ಇರಬಹುದು. ಅದು ಅವನ ತಪ್ಪಲ್ಲ, ಮುಷ್ಟಿ ಕಾಳು ತೆಗೆದು ಮೂಟೆಯ ಲೆಕ್ಕ ಹೇಳುವುದರಲ್ಲಿರುವ ಸಹಜ ದೋಷ. ದಿನದ ಹೊತ್ತಿಗೂ ಅಂಕಿ ಬದಲಾಗುತ್ತದೆ. ಮಧ್ಯರಾತ್ರಿಗೆ ಹೆಚ್ಚು, ಬೆಳಗಿನ ಹತ್ತು ಹನ್ನೊಂದಕ್ಕೆ ಕಡಿಮೆ. ಒಂದೇ ಚೀಟಿಯ ಮೇಲೆ ತೀರ್ಪು ಬೇಡ ಎಂದು ನಾನು ಹೇಳುವುದು ಇದಕ್ಕೇ.

ಈಗ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಥಣಿ ಕಡೆಯ ಹೆಣ್ಣುಮಗಳೊಬ್ಬಳು ಮಾತಾಡಲೂ ಆಗದಷ್ಟು ದಮ್ಮಿನಿಂದ ಬಂದಳು. ಸ್ಟೆರಾಯ್ಡ್ ಸೂಜಿ ಕೊಟ್ಟೆ, ಆಮ್ಲಜನಕ ಹಚ್ಚಿದೆ. ಬೆಳಿಗ್ಗೆ ರಕ್ತ ತೆಗೆಸಿದೆ. ಈಸಿನೊಫಿಲ್ ಸೊನ್ನೆ. ‘ನಿನಗೆ ಅಲರ್ಜಿ ಗಿಲರ್ಜಿ ಏನೂ ಇಲ್ಲ’ ಎಂದು ಧೈರ್ಯವಾಗಿ ಹೇಳಿ, ಪುಪ್ಪುಸದ ಸೋಂಕಿಗೆ ಔಷಧ ಬರೆದು ಕಳಿಸಿದೆ. ಊತಕ್ಕೆ ಏನೂ ಕೊಡಲಿಲ್ಲ. ಆರು ತಿಂಗಳಲ್ಲಿ ಅವಳು ಮೂರು ಸಲ ದಾಖಲಾದಳು. ಮೂರನೆಯ ಸಲ ಹಿರಿಯರೊಬ್ಬರು ಸೂಜಿ ಕೊಡುವ ಮೊದಲೇ ರಕ್ತ ತೆಗೆಸಿದರು. ಲೆಕ್ಕ 900ರ ಮೇಲಿತ್ತು. ಅವರು ನನ್ನನ್ನು ಬೈಯಲಿಲ್ಲ, ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೊರಟುಹೋದರು.

ಆಗಿದ್ದದ್ದೇನು? ಸ್ಟೆರಾಯ್ಡ್ ಬಿದ್ದ ಕೆಲವೇ ಗಂಟೆಗಳಲ್ಲಿ ಈಸಿನೊಫಿಲ್‌ಗಳು ರಕ್ತದಿಂದ ಮಾಯವಾಗುತ್ತವೆ. ಇದು ಹೊಸ ಸಂಗತಿಯೂ ಅಲ್ಲ. 1948ರಲ್ಲೇ ಅಮೆರಿಕದ ಜಾರ್ಜ್ ಥಾರ್ನ್ ಇದನ್ನೇ ಒಂದು ಪರೀಕ್ಷೆ ಮಾಡಿಕೊಂಡಿದ್ದರು. ಎ.ಸಿ.ಟಿ.ಹೆಚ್. ಎಂಬ ಹಾರ್ಮೋನು ಚುಚ್ಚಿ ನಾಲ್ಕು ಗಂಟೆಯ ನಂತರ ಈಸಿನೊಫಿಲ್ ಅರ್ಧಕ್ಕಿಳಿದರೆ ಅಡ್ರಿನಲ್ ಗ್ರಂಥಿ ಸರಿಯಾಗಿದೆ ಎಂದು ಅರ್ಥ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಬೆಳಿಗ್ಗೆ ನೆನಪಾಗಲಿಲ್ಲ.

ನಮ್ಮ ಭಾಗದಲ್ಲಿ ಇದು ಇನ್ನೂ ಮುಖ್ಯವಾದ ಮಾತು. ಮೊಣಕಾಲು ನೋವಿಗೆ ಸೂಜಿ, ಮೈಕೈ ನೋವಿಗೆ ಸೂಜಿ, ತುರಿಕೆಗೆ ಸೂಜಿ. ಅದರಲ್ಲಿ ಬಹಳ ಸಲ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇರುತ್ತದೆ. ‘ಪುಡಿಕೆ’ ಕಟ್ಟಿಕೊಡುವ ಗುಳಿಗೆಗಳಲ್ಲೂ ಚಿಕ್ಕದೊಂದು ಬಿಳಿ ಗುಳಿಗೆ ಇರುತ್ತದೆ. ಅದನ್ನು ನುಂಗಿ ಬಂದವರ ರಕ್ತ ನೋಡಿ ‘ಈಸಿನೊಫಿಲ್ ಇಲ್ಲ’ ಎನ್ನುವುದು, ಮಳೆ ಬಿದ್ದ ಮರುದಿನ ಹೊಲ ನೋಡಿ ಬರಗಾಲವೇ ಇಲ್ಲ ಎಂದಂತೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಅದು ಉಬ್ಬಸದ್ದೇ ಆಗಬೇಕಿಲ್ಲ. ಈಸಿನೊಫಿಲ್ ಹುಳದ ವೈರಿ. ಕರುಳಿನ ದುಂಡುಹುಳ, ಕೊಕ್ಕೆಹುಳ ಇದ್ದವರಲ್ಲೂ ಏರುತ್ತದೆ. ಇಲ್ಲಿ ಎಪ್ಪತ್ತು ದಾಟಿದವರಿಗೆ ನಾರುಹುಣ್ಣು ನೆನಪಿರಬಹುದು. ಕಾಲಿನಿಂದ ಎಳೆ ಎಳೆಯಾಗಿ ಹೊರಬರುತ್ತಿದ್ದ ಹುಳು, ಅದನ್ನು ಕಡ್ಡಿಗೆ ಸುತ್ತುತ್ತಿದ್ದದ್ದು. ಮೆಟ್ಟಿಲು ಬಾವಿಯ ನೀರಿನ ಸಣ್ಣ ಜೀವಿಯೊಂದರ ಹೊಟ್ಟೆಯೊಳಗಿಂದ ಅದು ಮನುಷ್ಯನಿಗೆ ಬರುತ್ತಿತ್ತು, ರಕ್ತದಲ್ಲಿ ಈಸಿನೊಫಿಲ್ ಏರಿಸುತ್ತಿತ್ತು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ದೇಶ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2000ದಲ್ಲಿ. ಅದನ್ನು ಗೆದ್ದ ಮುಖ್ಯ ಉಪಾಯ ಯಾವುದು? ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು. ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಈ ಊರಿನಲ್ಲಿ ನಿಂತು ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ. ನೀರಿನೊಳಗಿನ ಜೀವಿಗೆ ಹಿಂಸೆಯಾಗಬಾರದೆಂದು ಜೈನ ಮನೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿಯನ್ನು ಸರ್ಕಾರ ಜೀವಿಯಿಂದ ನಮಗೆ ಹಿಂಸೆಯಾಗಬಾರದೆಂದು ಊರೂರಿಗೆ ಕಲಿಸಿತು.

ಹುಳದ ಇನ್ನೊಂದು ಮುಖ ಆನೆಕಾಲು ರೋಗದ ಫೈಲೇರಿಯಾ. 1940ರಲ್ಲಿ ಮದನಪಲ್ಲಿಯ ಕ್ಷಯದ ಆರೋಗ್ಯಧಾಮದಲ್ಲಿ ಫ್ರಿಮೋಟ್-ಮೋಲರ್ ಮತ್ತು ಬಾರ್ಟನ್ ಎಂಬ ವೈದ್ಯರು ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ, ಈಸಿನೊಫಿಲ್ ವಿಪರೀತ ಏರಿದ ರೋಗಿಗಳನ್ನು ಕಂಡರು. ಮುಂಬಯಿಯಲ್ಲಿದ್ದ ವೈನ್‌ಗಾರ್ಟನ್ 1943ರಲ್ಲಿ ಅದಕ್ಕೆ ‘ಟ್ರಾಪಿಕಲ್ ಈಸಿನೊಫಿಲಿಯಾ’ ಎಂದು ಹೆಸರಿಟ್ಟರು. ರಾತ್ರಿ ಒಣ ಕೆಮ್ಮು, ಸೀಟಿ ಉಸಿರು, ಲೆಕ್ಕ 3000ಕ್ಕೂ ಮೇಲೆ. ಪುಪ್ಪುಸದಲ್ಲಿ ಸಿಕ್ಕಿಬಿದ್ದ ಫೈಲೇರಿಯಾ ಮರಿಗಳ ಮೇಲೆ ದೇಹ ಸಾರುವ ಯುದ್ಧ ಅದು. ಡೈಈಥೈಲ್‌ಕಾರ್ಬಮಜೀನ್ ಮಾತ್ರೆಯನ್ನು ಮೂರು ವಾರ ಕೊಟ್ಟರೆ ಹೆಚ್ಚಿನವರಿಗೆ ಗುಣವಾಗುತ್ತದೆ. ‘ಇಸ್ನೋಫಿಲಿಯಾ’ ಎಂಬ ಶಬ್ದ ನಮ್ಮ ಹಳ್ಳಿಗೆ ಬಂದದ್ದು ಬಹುಶಃ ಈ ದಾರಿಯಲ್ಲೇ. ಆಮೇಲೆ ಆದ ಎಡವಟ್ಟೆಂದರೆ 500 ಇದ್ದವರಿಗೂ, 600 ಇದ್ದವರಿಗೂ ಅದೇ ಮಾತ್ರೆ. ವಿಜಯಪುರ, ಬಾಗಲಕೋಟೆ ಕಡೆ ಫೈಲೇರಿಯಾ ಇದ್ದದ್ದು ನಿಜ. ಆದರೆ ದಮ್ಮಿನ ಸಾದಾ ರೋಗಿ ಮೂರು ವಾರ ಹುಳದ ಮಾತ್ರೆ ನುಂಗಿ, ಪಂಪು ಇಲ್ಲದೆ, ನಾಲ್ಕನೆಯ ವಾರ ಮತ್ತೆ ಕೂತು ರಾತ್ರಿ ಕಳೆದದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ದಮ್ಮಿಗೆ ಕೊಡುವ ಮೀನಿನ ಮದ್ದಿನ ಮಾತನ್ನೂ ಯಾರಾದರೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಈ ಕಡೆಯಿಂದಲೂ ಜನ ಹೋಗುತ್ತಾರೆ. ಮೀನು ಮುಟ್ಟದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಹೋಗುವವರನ್ನು ನಾನು ತಡೆದಿಲ್ಲ. ಹೋಗುವಾಗ ಪಂಪು ಜೇಬಿನಲ್ಲಿರಲಿ, ಹೋಗುವ ಮುಂಚೆ ಮತ್ತು ಬಂದು ಎರಡು ತಿಂಗಳ ಮೇಲೆ ಈಸಿನೊಫಿಲ್ ಲೆಕ್ಕ ತೆಗೆಸಿ ಎಂದಷ್ಟೇ ಹೇಳುತ್ತೇನೆ. ಎರಡನೆಯ ಚೀಟಿ ತಂದು ತೋರಿಸಿದವರು ಈವರೆಗೆ ಯಾರೂ ಇಲ್ಲ.

ರಕ್ತದಲ್ಲಿ ಸಿಗುವ ಇನ್ನೊಂದು ಸಾಕ್ಷಿ ಐ.ಜಿ.ಇ. ಎಂಬ ಪ್ರೋಟೀನು. ಡೆನ್ವರಿನ ಇಷಿಜಾಕಾ ದಂಪತಿ 1966ರಲ್ಲಿ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ 1967ರಲ್ಲಿ ಬೇರೆ ಬೇರೆಯಾಗಿ ಅದನ್ನು ಕಂಡರು. 1968ರಲ್ಲಿ ಅದಕ್ಕೆ ಒಂದೇ ಹೆಸರು ನಿಂತಿತು. ಅಲರ್ಜಿಯ ಮೈ ಯಾರದು ಎಂದು ಅದು ಹೇಳುತ್ತದೆ, ಇವತ್ತು ಊತ ಎಷ್ಟಿದೆ ಎಂದು ಹೇಳುವುದಿಲ್ಲ. ಪಂಪು ಎಳೆದರೂ ಅದು ಇಳಿಯುವುದಿಲ್ಲ. ಹುಳವಿದ್ದರೂ ಏರುತ್ತದೆ. ಹಾಗಾಗಿ 250, 300 ಎಂದು ಬಂದ ಐ.ಜಿ.ಇ. ಹಿಡಿದು ನಿದ್ದೆಗೆಡುವುದು ಬೇಡ. ಒಂದೇ ಸಂದರ್ಭದಲ್ಲಿ, ಬೂಷ್ಟಿನ ಗುಮಾನಿ ಇದ್ದಾಗ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಮನೆ ಹೊಕ್ಕಾಗ ಗೋಡೆಗಳು ಎದೆಮಟ್ಟ ನೆನೆದವು. ನೀರು ಇಳಿದ ಮೇಲೆ ಕಪ್ಪು, ಹಸಿರು ಬೂಷ್ಟು ಬಂತು. ಆಸ್ಪರ್ಜಿಲಸ್ ಎಂಬ ಬೂಷ್ಟು ಹಾಗೆ ನೆನೆದ ಗೋಡೆಯಲ್ಲಿ, ಹಸಿ ಮೇವಿನಲ್ಲಿ, ಹೊಟ್ಟಿನ ರಾಶಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಕೆಲವು ದಮ್ಮಿನವರ ಉಸಿರು ನಾಳದಲ್ಲಿ ಅದು ಮನೆ ಮಾಡಿಕೊಳ್ಳುತ್ತದೆ. ಆಗ ಐ.ಜಿ.ಇ. ಸಾವಿರ ದಾಟಬಹುದು, ಈಸಿನೊಫಿಲ್ ಏರುತ್ತದೆ, ಕಂದು ಬಣ್ಣದ ಗಟ್ಟಿ ಕಫ ಬೀಳುತ್ತದೆ, ಎಕ್ಸ್‌ರೇಯಲ್ಲಿ ನೆರಳು ಕಾಣುತ್ತದೆ. ನೆರಳು ಕಂಡಿತೆಂದರೆ ನಮ್ಮ ದೇಶದಲ್ಲಿ ಮೊದಲು ಕ್ಷಯದ ಮಾತ್ರೆ. ಕಫದಲ್ಲಿ ಕ್ಷಯದ ರೋಗಾಣು ಸಿಗದೆಯೇ ಆರು ತಿಂಗಳು, ಎರಡು ಸಲ ಆರು ತಿಂಗಳು ಮಾತ್ರೆ ನುಂಗಿದವರು ಇದ್ದಾರೆ. ಈ ರೋಗದ ಮೇಲೆ ಜಗತ್ತಿನಲ್ಲೇ ಮುಂಚೂಣಿಯ ಕೆಲಸ ನಡೆದಿರುವುದು ನಮ್ಮ ಚಂಡೀಗಢದ ಪಿ.ಜಿ.ಐ.ಯಲ್ಲಿ. ಮೊದಲು 1000 ಎಂದಿದ್ದ ಐ.ಜಿ.ಇ. ಗೆರೆಯನ್ನು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ 500ಕ್ಕೆ ಇಳಿಸಿದೆ. ದಮ್ಮಿನ ಜೊತೆ ಎಕ್ಸ್‌ರೇಯಲ್ಲಿ ನೆರಳೂ ಇದ್ದವರು ‘ಆಸ್ಪರ್ಜಿಲಸ್ ಪರೀಕ್ಷೆ ಆಗೇತೇನ್ರಿ?’ ಎಂದು ಬಾಯಿ ಬಿಟ್ಟು ಕೇಳಿ. ಡಾಕ್ಟರು ಸಿಟ್ಟಾದರೆ ಆಗಲಿ.

ಸಾಕ್ಷಿ ಕಟಕಟೆಯಲ್ಲಿ ನಿಂತು ಸೋತವರೂ ಇದ್ದಾರೆ. ಇ.ಸಿ.ಪಿ. ಎಂಬ ಈಸಿನೊಫಿಲ್‌ನ ಪ್ರೋಟೀನನ್ನು ಅಳೆಯುವುದು ಒಂದು ಕಾಲಕ್ಕೆ ದೊಡ್ಡ ಭರವಸೆಯಾಗಿತ್ತು. ರಕ್ತ ಹೆಪ್ಪುಗಟ್ಟುವಾಗ ನಳಿಕೆಯಲ್ಲೇ ಅದು ಸೋರುವುದರಿಂದ, ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಇಟ್ಟಿರಿ ಎಂಬುದರ ಮೇಲೆ ಅಂಕಿ ಕುಣಿಯಿತು. ಪೆರಿಯೋಸ್ಟಿನ್ ಎಂಬುದಕ್ಕೆ 2011ರಲ್ಲಿ ಭಾರಿ ಹೆಸರು ಬಂತು. ಬೆಳೆಯುವ ಮಕ್ಕಳ ಎಲುಬಿನಿಂದಲೂ ಅದು ಬರುತ್ತದೆ ಎಂಬ ತೊಡಕಿತ್ತು. ಅದನ್ನು ನಂಬಿ ಮಾಡಿದ ದೊಡ್ಡ ಪ್ರಯೋಗಗಳೂ 2016ರಲ್ಲಿ ಕೈಕೊಟ್ಟವು. ಇಷ್ಟೆಲ್ಲ ಹೊಸಬರು ಬಂದು ಹೋದ ಮೇಲೂ ಎರ್ಲಿಕ್‌ನ ಕೆಂಪು ಕಣ ಉಳಿದಿದೆ.

ಆದರೂ ಆ ಕಣ ಮೌನವಾಗಿರುವ ಉಬ್ಬಸ ಒಂದಿದೆ, ನಮ್ಮ ಸೀಮೆಗೆ ಅದು ಹತ್ತಿರದ್ದು. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕು ಜಾಲಿಸುವ ಹೆಣ್ಣುಮಕ್ಕಳು, ಬೀಡಿ ಸೇದುವ ಗಂಡಸರು, ಕಟ್ಟಿಗೆ ಒಲೆಯ ಮುಂದೆ ಕೂತವರು, ಕಬ್ಬು ಕಡಿದ ಮೇಲೆ ರವದಿ ಸುಡುವ ಹೊಗೆ ಕುಡಿಯುವ ನಾವೆಲ್ಲರೂ. ಹೊಗೆ, ಧೂಳಿನಿಂದ ಬರುವ ಊತದಲ್ಲಿ ನ್ಯೂಟ್ರೋಫಿಲ್ ಎಂಬ ಬೇರೆ ಕಣದ ಕಾರುಬಾರು ಹೆಚ್ಚು. ಅದಕ್ಕೆ ಸ್ಟೆರಾಯ್ಡ್ ಅಷ್ಟಾಗಿ ಬಗ್ಗುವುದಿಲ್ಲ. ರಕ್ತದ ನ್ಯೂಟ್ರೋಫಿಲ್ ನೋಡಿ ನಾಳದ ನ್ಯೂಟ್ರೋಫಿಲ್ ಹೇಳಲೂ ಬರುವುದಿಲ್ಲ. ನೆಗಡಿ, ಹಲ್ಲುನೋವು, ಕಾಲಿನ ಗಾಯ, ಎಲ್ಲಕ್ಕೂ ಅದು ಏರುತ್ತದೆ. ಇಂಥವರಲ್ಲಿ ಈಸಿನೊಫಿಲ್ 80, 100 ಎಂದು ಬಂದರೆ ‘ದಮ್ಮಿಲ್ಲ’ ಎನ್ನಬಾರದು. ಈ ದಮ್ಮಿಗೆ ಸೂಜಿ ಹೆಚ್ಚಿಸುವ ಮುಂಚೆ ಹೊಗೆ ಕಡಿಮೆ ಮಾಡಬೇಕು ಎಂದು ಓದಿಕೊಳ್ಳಬೇಕು. ರವದಿಯನ್ನು ಸುಡದೆ ಸಾಲಿನಲ್ಲಿ ಹರವಿ ಕೊಳೆಸುವ ರೈತರು ಈ ಸುತ್ತಿನಲ್ಲೇ ಇದ್ದಾರೆ. ಅವರು ನೆಲಕ್ಕಾಗಿ ಮಾಡುವುದು ನೆರೆಮನೆಯ ಮಗುವಿನ ಎದೆಗೂ ಆಗುತ್ತದೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಅಲ್ಲಿನ ಮಕ್ಕಳಲ್ಲಿ 1979ರಲ್ಲಿ ಶೇಕಡಾ 9 ಇದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ವಾಹನದ ಹೊಗೆ ಮಾಡಿದ್ದನ್ನು ರವದಿಯ ಹೊಗೆ ಮಾಡಲಾರದು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮೆಪೊಲಿಜುಮಾಬ್‌ನಂಥ ಔಷಧದ ಒಂದೊಂದು ಸೂಜಿಗೆ ಹತ್ತಾರು ಸಾವಿರ ರೂಪಾಯಿ. ನಮ್ಮಲ್ಲಿ ಬಹಳ ಮಂದಿಗೆ ಅದು ಬೇಕಾಗಿಯೂ ಇಲ್ಲ. 720 ಇದ್ದವರಿಗೆ ಮೊದಲ ಔಷಧ ದಿನವೂ ಎಳೆಯುವ ಸಾದಾ ಸ್ಟೆರಾಯ್ಡ್ ಪಂಪು, ಅದನ್ನು ಎಳೆಯುವ ಸರಿಯಾದ ರೀತಿ. ‘ಪಂಪು ಚಟ ಆಗತೈತಿ’ ಎಂಬ ಮಾತನ್ನು ಈ ಸಭೆ ಮುಗಿಯುವ ಹೊತ್ತಿಗೆ ಇಲ್ಲೇ ಬಿಟ್ಟು ಹೋಗಿ. ಚಟವಾಗುವುದು ನೀಲಿ ಪಂಪಿನ ಆತುರ, ಮತ್ತು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಸೂಜಿ. ಆ ಸೂಜಿ ಎಲುಬು ತಿನ್ನುತ್ತದೆ, ಸಕ್ಕರೆ ಏರಿಸುತ್ತದೆ.

ಕೇಳಿಕೊಳ್ಳುವುದು ಮೂರೇ. ನಮ್ಮ ಊರುಗಳ ಲ್ಯಾಬಿನವರು ಶೇಕಡಾ ಅಂಕಿಯ ಪಕ್ಕದಲ್ಲೇ ಗುಣಿಸಿದ ಲೆಕ್ಕವನ್ನೂ ಬರೆದುಕೊಡಲಿ. ಅದಕ್ಕೆ ಹೆಚ್ಚಿನ ಹಣ ಬೇಡ, ಮೂರು ಸೆಕೆಂಡು ಸಾಕು. ನೀವು ರಕ್ತ ಕೊಡುವ ಮೊದಲು ಚೀಟಿಯ ಮೂಲೆಯಲ್ಲಿ ಎರಡು ಸಾಲು ಬರೆಸಿ. ಕೊನೆಯ ಸೂಜಿ ಯಾವತ್ತು ಹಾಕಿಸಿದ್ದು, ಕೊನೆಯ ಪುಡಿಕೆ ಯಾವತ್ತು ನುಂಗಿದ್ದು. ಹಳೆಯ ಚೀಟಿಗಳನ್ನು ಒಲೆಗೆ ಹಾಕಬೇಡಿ. ಐದು ವರ್ಷದ ಹಿಂದಿನ 600 ಇವತ್ತಿನ 40ಕ್ಕಿಂತ ಹೆಚ್ಚು ನಿಜ ಹೇಳಬಹುದು.

ಚೀಲ ತಂದವರು ಇಲ್ಲಿ ಇದ್ದೀರಿ, ಮುಂದಿನ ಸಾಲಿನಲ್ಲೇ ಎರಡು ಮೂರು ಕಾಣುತ್ತಿವೆ. ಚಹಾ ಆದ ಮೇಲೆ ಆ ಕಿಟಕಿಯ ಪಕ್ಕ ಕೂತಿರುತ್ತೇನೆ, ಮಿರಜದ ಗಾಡಿಗೆ ಇನ್ನೂ ವೇಳೆ ಇದೆ. ಬರುವಾಗ ಪಂಪನ್ನೂ ತನ್ನಿ, ಎಳೆಯುವುದು ಹೇಗೆ ಎಂದು ನೋಡಬೇಕು.